ಧಾರೆ ಸೀರೆಯ ಕುಂಚಿಗೆ

ಆಗಸ್ಟ್ ೧೨, ೧೯೪೫. ಮಡಕಶಿರ

ಮನೆಯ ರೇಷನ್ ಕಾರ್ಡಿನ ಬಟ್ಟೆಯೆಲ್ಲ ನಿನ್ನೆ ಹೆಂಡತಿ ಅನ್ನದಾನಮ್ಮನ ಮೈಮೇಲೆ ಮಣ್ಣಿಗೆ ಹೋಯಿತು.

ಕಂಟ್ರೋಲ್ ಅಂಗಡಿಯವನು ಕಾರ್ಡಿನಲ್ಲಿ ಗುರುತು ಹಾಕುತ್ತ, "ಇನ್ನು ದಸರಾ ಕಳೆಯೋಗಂಟ ನಿಮ್ಗೆ ಬಟ್ಟೆ ಬರಾಕಿಲ್ಲ ಮೇಷ್ಟ್ರೇ" ಎಂದ. ಆಗಲಿ ಎಂದೆ. ಹಬ್ಬಕ್ಕೆ ಹೆಂಡತಿಗೆ ಸೀರೆ ಕೊಳ್ಳಲು ಬಂದವನ ಹಾಗೆ ಅಂಚು ತಿರುಗಿಸಿ ನೋಡಿದೆ. ಹಸಿರಂಚಿನದು ಇದೆಯೇ ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಹುಡುಕಿ ಹಸಿರಂಚಿನದೇ ತಂದುಕೊಟ್ಟ.

ಸಮಾಧಿಯಲ್ಲಿ ಕೂರಿಸಿದರು. ಅಯ್ಯನವರು ಹೇಳಿದ್ದನ್ನೆಲ್ಲ ಮಾಡಿದೆ. ಅಳು ಬರಲಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ಒಳಗೆ ಏನೋ ಕುಂಯ್‌ಗುಡುತ್ತಿತ್ತು. ಬೆಕ್ಕು ಮರಿ ಹಾಕಿರಬೇಕು ಎಂದುಕೊಂಡೆ. ಅದು ಕೂಸು ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಆಗಸ್ಟ್ ೧೫

ಶಾಲೆಗೆ ರಜೆ. ಯುದ್ಧ ಮುಗಿಯಿತಂತೆ. ಹೆಡ್‌ಮಾಸ್ತರರು ಮನೆಯವರೆಗೆ ಬಂದು ಹೇಳಿದರು. ಯಾವ ಯುದ್ಧ ಎಂದು ಕೇಳಲು ಬಾಯಿ ತೆರೆದು ಸುಮ್ಮನಾದೆ.

ಅವಳನ್ನು ಏಳನೇ ತಿಂಗಳಲ್ಲೇ ರಾಯದುರ್ಗಕ್ಕೆ, ತವರಿಗೆ, ಕಳಿಸಬೇಕಿತ್ತು. ಪೆಟ್ರೋಲಿಲ್ಲದೆ ಬಸ್ಸು ನಿಂತಿತ್ತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಎಂಟಕ್ಕೇ ನೋವು ಬಂತು. ಸೂಲಗಿತ್ತಿ ಒಳಗಿನಿಂದ ಬಂದು "ಹೆಣ್ ಮಗ" ಎಂದಳು. ಮತ್ತೆ ಒಳಗೆ ಹೋದಳು. ಎರಡನೆಯ ಸಲ ಬಂದಾಗ ಏನೂ ಹೇಳಲಿಲ್ಲ.

ಪಕ್ಕದ ಮನೆಯ ಪಾಪಕ್ಕನೇ ಕೂಸನ್ನು ನೋಡಿಕೊಳ್ಳುತ್ತಿದ್ದಾಳೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆ ಅವರದು. ಸೊಸೆ ಕದರಮ್ಮನಿಗೆ ಹಾಲು ಕುಡಿಯುವ ಮಗನಿದ್ದಾನೆ. ಯಾರೂ ಕೇಳುವ ಮೊದಲೇ ಕದರಮ್ಮ ನಮ್ಮ ಕೂಸನ್ನೂ ಎದೆಗೆ ಹಾಕಿಕೊಂಡಳಂತೆ. ಇದೂ ನನಗೆ ಇವತ್ತೇ ತಿಳಿದದ್ದು.

ಆಗಸ್ಟ್ ೧೯

ರಾಯದುರ್ಗದಿಂದ ಮಾವನವರು ದೊಡ್ಡಮಲ್ಲಪ್ಪ, ಅತ್ತೆಯವರು ಗುರುಶಾಂತಮ್ಮ ಬಂದುಹೋದರು. ಪೆಟ್ರೋಲಿನ ಬದಲು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಈಗ ಬಿಟ್ಟಿದ್ದಾರೆ, ಅದರಲ್ಲಿ ಬಂದಿದ್ದರು. ಅತ್ತೆಯವರ ಮುಖದ ಮಸಿಯಲ್ಲಿ ಕಣ್ಣೀರು ಗೆರೆ ಎಳೆದಿತ್ತು.

ಕೂಸನ್ನು ನೋಡಿ ಅವರು, "ಇಷ್ಟೇನ್ರಿ ಇದು?" ಎಂದರು. ಕದರಮ್ಮ ಬಂದು ಹಾಲು ಕುಡಿಸಲು ಕೂತಾಗ ಗೋಡೆ ಕಡೆ ಮುಖ ತಿರುಗಿಸಿದರು. ನಮ್ಮವರಲ್ಲದವಳ ಹಾಲು. ಆದರೆ ಹೊರಡುವಾಗ ಕದರಮ್ಮನ ಮಗನ ಹಣೆಗೂ ವಿಭೂತಿ ಹಚ್ಚಿದರು.

ಕೂಸು ಗಟ್ಟಿಯಾದ ಮೇಲೆ ಒಯ್ಯುತ್ತೇವೆ ಎಂದರು ಮಾವನವರು. ಆಗಲಿ ಎಂದೆ.

ಆಗಸ್ಟ್ ೨೫

ಪಾಪಕ್ಕ ಇವತ್ತು ಬೈದಳು.

"ಮಗ ಅಂಗೇ ಬರೀಮೈಯಾಗೈತೆ. ಎಂಟ್ ತಿಂಗ್ಳಿಗೇ ಬಂದ ಮಗ ಸಾಮಿ, ಮೈಮೇಲೆ ತೊಗ್ಲೇ ಸರ್ಯಾಗಿ ಬಂದಿಲ್ಲ. ಒಂದ್ ಅಂಗಿ ಬ್ಯಾಡ್ವಾ?"

"ಬಟ್ಟಿ ಇಲ್ಲ ಪಾಪಕ್ಕ. ಕಾರ್ಡು ಮುಗೀತು."

"ಕಾರ್ಡ್ ಬಟ್ಟೆ ಯಾರ್ ಕೇಳಿದ್ರು? ಎಳೇ ಮಗೀಗೆ ಉಟ್ಟು ಸವೆದಿರೋ ಬಟ್ಟೇನೇ ಆಗೋದು. ಹೊಸದು ಮೈ ಕೊರೀತದೆ."

ನನ್ನ ಹಳೆಯ ಪಂಚೆ ಹಿಡಿದು ದರ್ಜಿಯ ಹತ್ತಿರ ಹೋದೆ. ಅವನು ಬೆಳಕಿಗೆ ಹಿಡಿದು ನೋಡಿ, ಮಿಷನ್ನಿಗೆ ಕೊಟ್ಟರೆ ಹರಿದುಹೋಗುತ್ತದೆ, ಇದನ್ನು ಕೈಯಲ್ಲೇ ಹೊಲಿಯಬೇಕು ಎಂದು ತಿರುಗಿ ಕೊಟ್ಟ. ಪಾಪಕ್ಕನಿಗೆ ಕಣ್ಣು ಮಂಜು. ಕದರಮ್ಮನಿಗೆ ಎರಡು ಕೂಸು, ಹುಳದ ಕೆಲಸ.

"ನೀವೇ ಒಲೀರಿ" ಎಂದಳು ಪಾಪಕ್ಕ. "ಮಕ್ಳಿಗೆ ಅಕ್ಸರ ಕಲಿಸ್ತೀರಂತೆ. ಸೂಜಿ ಏನು ಬಳಪದ ಕಡ್ಡೀಗಿಂತ ಭಾರವಾ?"

ಅಂಗಡಿಯಲ್ಲಿ ದಾರವೂ ಇಲ್ಲ. ಪಂಚೆಯ ಅಂಚಿನಿಂದಲೇ ಎಳೆ ಹಿರಿದುಕೊಳ್ಳುವುದನ್ನು ತೋರಿಸಿಕೊಟ್ಟಳು. ಮಧ್ಯಾಹ್ನವೆಲ್ಲ ಹೊಲಿದೆ. ಹೊಲಿಗೆ ಬಾತುಕೋಳಿ ನಡೆದ ಹಾಗೆ ಬಂತು. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದಾಗ ಆಶ್ಚರ್ಯವಾಯಿತು, ನೋವಾಗುತ್ತದೆ ಎಂದು.

ಆಗಸ್ಟ್ ೨೭

ಅಂಗಿ ತೊಡಿಸಿದರು. ಸಂಜೆ ಕದರಮ್ಮ ಬಿಚ್ಚಿ ತೋರಿಸಿದಳು. ಕೂಸಿನ ಕಂಕುಳ ಕೆಳಗೆ ನನ್ನ ಹೊಲಿಗೆಯ ಉದ್ದಕ್ಕೂ ಕೆಂಪು ಬರೆ. ಯಾರೋ ಕಡ್ಡಿ ಕಾಸಿ ಎಳೆದ ಹಾಗೆ. ಒಳಮಗ್ಗುಲಿನ ಮಡಿಕೆ ಒತ್ತಿ ಹಾಗಾಗಿದೆ. ನಾನು ಮಾಡಿದ್ದು.

ಇಡೀ ಅಂಗಿಯನ್ನು ಬಿಚ್ಚಿದೆ.

ಆಗಸ್ಟ್ ೩೦

ಹೊಲಿಗೆಯ ಮಡಿಕೆಯನ್ನು ಹೊರಗೆ ಬರುವಂತೆ ತಿರುಗಿಸಿ ಹೊಲಿದೆ. ಈಗ ಅಂಗಿಯನ್ನು ತಿರುವುಮುರುವು ತೊಡಿಸಿದ ಹಾಗೆ ಕಾಣುತ್ತದೆ. ಪಾಪಕ್ಕ ನಕ್ಕಳು. ಬರೆ ಮಾಯುತ್ತಿದೆ.

ಸೆಪ್ಟೆಂಬರ್ ೪

ಕೂಸು ಹಾಲು ಹಿಡಿಯುತ್ತಿಲ್ಲ. ಮೈ ತಣ್ಣಗಿದೆ. ಕದರಮ್ಮ ಅದನ್ನು ಎದೆಗೆ ಒತ್ತಿ ಮೇಲೆ ಕಂಬಳಿ ಹೊದ್ದು ಕೂತಿದ್ದಾಳೆ. ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಒಂದೇ ಲೆಕ್ಕವನ್ನು ಎರಡು ಸಲ ಹೇಳಿಕೊಟ್ಟೆನಂತೆ.

ಸೆಪ್ಟೆಂಬರ್ ೫

ಕುಡಿಯಿತು.

ಸೆಪ್ಟೆಂಬರ್ ೨೪

ಪಂಚೆ ಮುಗಿಯಿತು. ಅನ್ನದಾನಮ್ಮನ ಟ್ರಂಕು ತೆಗೆದೆ. ನೂಲಿನ ಸೀರೆಗಳಿವೆ, ದಿನಾ ಉಡುತ್ತಿದ್ದವು. ಒಗೆದು ಒಗೆದು ಹಾಲಿನ ಕೆನೆಯಷ್ಟು ಮೆತ್ತಗಾಗಿವೆ. ಸತ್ತವಳ ಸೀರೆಯನ್ನು ಕೂಸಿಗೆ ತೊಡಿಸಬಾರದು, ಅಗಸರಿಗೆ ಕೊಟ್ಟುಬಿಡಿ ಎಂದು ಓಣಿಯಲ್ಲಿ ಇಬ್ಬರು ಹೇಳಿದರು. ಆಗಲಿ ಎಂದೆ. ಕೊಡಲಿಲ್ಲ.

ನೀಲಿ ಸೀರೆಯಲ್ಲಿ ಅವಳು ಹರುಕಿಗೆ ಹಾಕಿದ ಹೊಲಿಗೆ ಇತ್ತು. ನನಗಿಂತ ಕೆಟ್ಟದಾಗಿ ಹೊಲಿದಿದ್ದಾಳೆ. ದಾರವೂ ಬೇರೆ ಬಣ್ಣದ್ದು. ಅವಳಿಗೆ ಹೊಲಿಗೆ ಬರುತ್ತಿರಲಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಒಮ್ಮೆಯೂ ಅವಳ ಸೆರಗಿನ ಕಡೆ ನೋಡಿರಲಿಲ್ಲ. ಸೀರೆಯನ್ನು ಮುಖದ ಮೇಲೆ ಹಾಕಿಕೊಂಡು ಕೂತೆ. ಶಾಲೆಯ ಗಂಟೆ ಕೇಳಿಸಿತು, ಏಳಲು ಆಗಲಿಲ್ಲ. ಅಷ್ಟು ಅಳು ನನ್ನೊಳಗೆ ಎಲ್ಲಿತ್ತೋ.

ಸಂಜೆ ಆ ಸೀರೆಯಲ್ಲಿ ಎರಡು ಅಂಗಿ, ಒಂದು ಕುಲಾವಿ ಕತ್ತರಿಸಿದೆ. ಅವಳು ಹೊಲಿದಿದ್ದ ಜಾಗವನ್ನು ಬಿಚ್ಚದೆ ಬೆನ್ನಿಗೆ ಬರುವಂತೆ ಇಟ್ಟಿದ್ದೇನೆ.

ಅಕ್ಟೋಬರ್ ೧೦

ಇವತ್ತು ಮಗಳು ನನ್ನ ಬೆರಳು ಹಿಡಿದುಕೊಂಡಳು. ಅಂಗಿಯ ಕೊರಳಪಟ್ಟಿ ಅಳೆಯಲು ಹೋಗಿದ್ದೆ. ಬಿಡಲಿಲ್ಲ. ಅಳತೆ ಆಗಲೇ ಇಲ್ಲ.

ಅಕ್ಟೋಬರ್ ೨೮

ಮಾವನವರು ಬಂದಿದ್ದರು. ಶೇಂಗಾ ವ್ಯಾಪಾರಕ್ಕೆ ಹಿಂದೂಪುರಕ್ಕೆ ಬಂದವರು ಇಲ್ಲಿಗೂ ಬಂದರು. ಉಂಡಾದ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಮಾತು ತೆಗೆದರು.

"ನೇರಾ ಹೇಳ್ತೀನ್ರಿ ಅಳಿಯಾರ. ಕೂಸಿಗೆ ತಾಯಿ ಬೇಕು. ನಿಮಗ ಮನಿ ನೋಡಾಕ ಒಬ್ಬಾಕಿ ಬೇಕು. ಹೊರಗಿನಾಕಿ ಯಾಕ ಬರಬೇಕು? ನಮ್ಮ ರಾಜೇಶ್ವರಿ ಅದಾಳಲ್ಲ."

ಬಸವರಾಜೇಶ್ವರಿ ಅನ್ನದಾನಮ್ಮನ ತಂಗಿ. ನಮ್ಮ ಮದುವೆಯ ದಿನ ಮಂಟಪದ ಬಾಳೆಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ ಹುಡುಗಿ. ಈಗಿನ್ನೂ ಹದಿನೈದು. ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಈ ಕಂಟ್ರೋಲಿನಾಗ ಹೊಸಾ ರೇಷ್ಮಿ ಸೀರಿ ಎಲ್ಲೀದು ತರೋದ್ರಿ? ಅನ್ನದಾನಿ ಧಾರಿ ಸೀರಿ ಐತೆಲ್ಲ, ಅದನ್ನ ತಗದಿಡ್ರಿ. ಕ್ರಿಸ್‌ಮಸ್ ರಜಾಕ್ಕ ಕೂಸನ್ನ ಕರ್ಕೊಂಡು ಬರ್ರಿ. ತೊಟ್ಲಾ ಮಾಡೋಣು, ಹೆಸರಿಡೋಣು. ಮಾತೂ ಮುಗಿಸೋಣು."

ನಾನು ಏನು ಹೇಳಿದೆನೋ ನೆನಪಿಲ್ಲ. ಆಗಲಿ ಎಂದಿರಬೇಕು. ಅವರು ಸಮಾಧಾನದಿಂದ ಹೋದರು.

ಆ ಸೀರೆ ಮೊಳಕಾಲ್ಮೂರಿನ ರೇಷ್ಮೆ. ಕುಂಕುಮದ ಬಣ್ಣ, ಹಸಿರಂಚು. ಅತ್ತೆಯವರು ತಮ್ಮ ಮದುವೆಯಲ್ಲಿ ಉಟ್ಟದ್ದು. ಮಗಳ ಮದುವೆಗೆ ಅದನ್ನೇ ಕೊಟ್ಟಿದ್ದರು. ಟ್ರಂಕಿನ ತಳದಲ್ಲಿದೆ. ತೆಗೆದು ನೋಡಲಿಲ್ಲ.

ನವೆಂಬರ್ ೧೮

ಚಳಿ ಹೆಚ್ಚಿದೆ. ಮಗಳಿಗೆ ಕೆಮ್ಮು. ಕಂಬಳಿ ಸೋಕಿದರೆ ಮೈಯೆಲ್ಲ ದದ್ದು ಏಳುತ್ತದೆ. ನೂಲಿನ ಅಂಗಿ ಮೂರು ತೊಡಿಸಿದರೂ ಕೈಕಾಲು ತಣ್ಣಗೆ.

ತಲೆಯಿಂದ ಬೆನ್ನವರೆಗೆ ಮುಚ್ಚುವ ಕುಂಚಿಗೆಯೊಂದನ್ನು ಹೊಲಿಯಿರಿ ಎಂದಳು ಪಾಪಕ್ಕ. "ಎಲ್ಲಾನ ರೇಷ್ಮೆ ಚೂರು ಸಿಕ್ರೆ ಅದ್ರಾಗೆ ಒಲೀರಿ. ಬೆಚ್ಚಗಿರ್ತದೆ. ಹುಳಾನೇ ಅದ್ರೊಳಗೆ ಮಲಗಿರ್ತದಲ್ಲ ಸಾಮಿ."

ನವೆಂಬರ್ ೧೯

ಇವತ್ತು ಧಾರೆ ಸೀರೆ ಕತ್ತರಿಸಿದೆ.

ಪಾಪಕ್ಕ ನೋಡಿ ಎದ್ದು ನಿಂತಳು. "ನಾನ್ ಅಂದಿದ್ದು ಇದಲ್ಲ. ಕಣ್ಣಿಗೆ ಒತ್ಕೊಳ್ಳೋ ಸೀರೆ ಸಾಮಿ ಇದು."

"ಮನಿಯಾಗ ಬ್ಯಾರೆ ರೇಷ್ಮಿ ಇಲ್ಲ ಪಾಪಕ್ಕ."

ರೇಷ್ಮೆಗೆ ಕತ್ತರಿ ತಾಗಿದಾಗ ಒಣ ಎಲೆ ಮುರಿದಂಥ ಸದ್ದು ಬರುತ್ತದೆ. ಪಾಪಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ತುಂಡನ್ನು ಬೆರಳಿಂದ ಸವರುತ್ತ, ಒಳಸುತ್ತಿಗೆ ಹೋಗುವ ತುದಿಯಿಂದ ಕತ್ತರಿಸಿದ್ದರೆ ಉಟ್ಟಾಗ ಗೊತ್ತಾಗುತ್ತಿರಲಿಲ್ಲ, ನೀವು ನಟ್ಟನಡುವೆ ಕತ್ತರಿಸಿಬಿಟ್ಟಿರಿ, ಇನ್ನು ಇದನ್ನು ಯಾರೂ ಉಡುವ ಹಾಗಿಲ್ಲ ಎಂದಳು. ನಡುವಿನ ಬಟ್ಟೆ ಚೆನ್ನಾಗಿತ್ತು, ಅದಕ್ಕೇ ಅಲ್ಲಿ ಕತ್ತರಿಸಿದೆ. ತುದಿ ಸವೆದಿತ್ತು.

ಒಳಪದರಕ್ಕೆ ನೀಲಿ ನೂಲಿನ ಸೀರೆ, ಮೇಲೆ ರೇಷ್ಮೆ. ಕೊರಳಿಗೆ ಲಾಡಿ. ಚಳಿಗೆ ಚೆನ್ನಾಗಿ ಆಗುತ್ತದೆ.

ನವೆಂಬರ್ ೨೬

ಕೆಮ್ಮು ಇಳಿದಿದೆ. ಕುಂಚಿಗೆಯೊಳಗಿಂದ ಬರೀ ಮೂಗು, ಕಣ್ಣು ಕಾಣುತ್ತವೆ. ಕದರಮ್ಮನ ಮಗ ಅದರ ಹಸಿರಂಚನ್ನು ಬಾಯಿಗೆ ಹಾಕಿ ಚೀಪುತ್ತಾನೆ, ಇವಳು ಕಿರುಚುತ್ತಾಳೆ. ಗಂಟಲು ದೊಡ್ಡದು. ತಾಯಿಯದಲ್ಲ, ನನ್ನ ಕಡೆಯದಿರಬೇಕು.

ಡಿಸೆಂಬರ್ ೨೭. ರಾಯದುರ್ಗ

ಬಸ್ಸು ದಾರಿಯಲ್ಲಿ ಎರಡು ಕಡೆ ನಿಂತಿತು. ಇದ್ದಿಲು ಹಾಕಿ ಊದುತ್ತಿದ್ದಷ್ಟು ಹೊತ್ತೂ ನಾನು ಹೊಂಗೆ ಮರದ ಕೆಳಗೆ ಕೂತು ಅವಳಿಗೆ ಹಸುವಿನ ಹಾಲು ಕುಡಿಸಿದೆ. ಒಬ್ಬ ಹೆಂಗಸು "ತಾಯಿ ಎಲ್ಲಿ?" ಎಂದಳು. "ಇಲ್ರಿ" ಎಂದೆ. ಆಕೆ ಕೈ ಚಾಚಿದಳು, ನಾನು ಕೂಸನ್ನು ಕೊಡಲಿಲ್ಲ.

ಮನೆ ತಲುಪಿ ಕೈಕಾಲು ತೊಳೆದೆ. ಅತ್ತೆಯವರು ನನ್ನ ಮಗಳನ್ನು ಎತ್ತಿಕೊಂಡರು. ಕುಂಚಿಗೆಯ ಮೇಲೆ ಅವರ ಕೈ ನಿಂತುಬಿಟ್ಟಿತು. ಬಣ್ಣ ಗುರುತು ಸಿಕ್ಕಿತ್ತು. ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ.

ಕೇಳಿದವರು ಮಾವನವರು. "ಸೀರಿ ತಂದೀರಿ?"

ಗಂಟು ಬಿಚ್ಚಿ ಮುಂದಿಟ್ಟೆ. ಅವರು ಮಡಿಕೆ ತೆಗೆದರು. ಸೀರೆ ಎರಡು ತುಂಡಾಗಿ ಕೈಗೆ ಬಂತು. ಒಂದನ್ನು ಈ ಕೈಯಲ್ಲಿ, ಒಂದನ್ನು ಆ ಕೈಯಲ್ಲಿ ಹಿಡಿದು, ನಡುವೆ ಇಲ್ಲದ ಬಟ್ಟೆಯನ್ನು ನೋಡುತ್ತಿದ್ದರು.

"ಇದನ್ನ ಯಾರು ಕತ್ತರಿಸಿದ್ರು?"

"ನಾನ್ರಿ."

"ಯಾಕ್ರಿ?"

"ಚಳಿ ಇತ್ರಿ."

"ಚಳಿಗೆ ಧಾರಿ ಸೀರಿನೇ ಬೇಕಾಗಿತ್ತೇನ್ರಿ?" ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಇದು ರಾಜೇಶ್ವರಿಗೆ ಅಂತ ನಾ ಬಂದು ಹೇಳಿ ಹೋಗಿದ್ದೆ. ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ."

ಗೊತ್ತಿತ್ತು. ಕತ್ತರಿ ಹಿಡಿದಾಗ ಗೊತ್ತಿತ್ತು. ಈ ಪುಸ್ತಕದಲ್ಲಿ ಮಾತ್ರ ಚಳಿ ಎಂದು ಬರೆದಿದ್ದೇನೆ.

"ನನಗ ಇನ್ನೊಂದು ಮದುವಿ ಬ್ಯಾಡ್ರಿ" ಎಂದೆ. ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು. "ಆಕಿ ಇನ್ನೂ ಹುಡುಗಿ. ಕೂಸನ್ನ ನಾ ನೋಡ್ಕೊತೀನಿ. ಕದರಮ್ಮ ಅದಾಳ, ಪಾಪಕ್ಕ ಅದಾಳ."

ಬಸವರಾಜೇಶ್ವರಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಮಾವನವರು ತುಂಡುಗಳನ್ನು ನೆಲಕ್ಕಿಟ್ಟು, ರುಮಾಲು ಸುತ್ತಿಕೊಂಡು ಉಣ್ಣದೆಯೇ ಹೊರಗೆ ಹೋದರು.

ಡಿಸೆಂಬರ್ ೨೮

ನಿನ್ನೆ ಬರೆಯುವುದನ್ನು ಅಷ್ಟಕ್ಕೇ ನಿಲ್ಲಿಸಿದೆ. ಇವತ್ತು ಅದಕ್ಕಿಂತ ಹೆಚ್ಚಿನದು ಕೇಳಿದ್ದೇನೆ.

ಬೆಳಿಗ್ಗೆ ಅತ್ತೆಯವರು ಬಿಸಿಲಿಗೆ ಕೂತು ನನ್ನ ಮಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಬಿಚ್ಚಿಟ್ಟ ಅಂಗಿಯನ್ನು ಎತ್ತಿ ತಿರುಗಿಸಿ ನೋಡಿದರು.

"ಹೊಲಿಗಿ ಯಾಕ ಹೊರಗ ಐತ್ರಿ?"

"ಒಳಗಿದ್ರ ಆಕಿಗೆ ಒತ್ತತೈತ್ರಿ ಅತ್ತಿ. ಮೊದಲನೇದ್ರಾಗ ಬರಿ ಬಂದಿತ್ತು."

ಅವರು ಅಂಗಿಯನ್ನು ತೊಡೆಯ ಮೇಲೆ ಹರಡಿ ಬಹಳ ಹೊತ್ತು ಸವರಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಆ ಸೀರಿ ನಂದು ಅಂತ ಎಲ್ಲಾರೂ ತಿಳ್ಕೊಂಡಾರ" ಎಂದರು. "ನಂದಲ್ಲ. ನಮ್ಮ ಅಕ್ಕಂದು. ಹಂಪಕ್ಕ ಅಂತ. ನಿಮ್ಮ ಮಾವಗ ಮೊದಲು ಆಕಿನ್ನ ಕೊಟ್ಟಿದ್ರು. ಪ್ಲೇಗಿನಾಗ ಹೋದ್ಲು. ವರ್ಷ ತುಂಬಿರಲಿಲ್ಲ, ಅದನ್ನ ನನಗ ಉಡಿಸಿದ್ರು. ಹದಿಮೂರು ನನಗ. ಅದರಾಗ ಆಕಿ ವಾಸನಿ ಇತ್ತು."

ಇಷ್ಟು ವರ್ಷ ಈ ಮನೆಗೆ ಬಂದು ಹೋಗಿದ್ದೇನೆ. ಆ ಹೆಸರನ್ನು ಯಾರ ಬಾಯಲ್ಲೂ ಕೇಳಿಲ್ಲ. ಅನ್ನದಾನಮ್ಮನಿಗೂ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೆ ನನಗೆ ಹೇಳುತ್ತಿದ್ದಳು.

"ಅನ್ನದಾನಿಗೂ ಗೊತ್ತಿಲ್ಲ" ಎಂದರು ಅವರೇ. "ಒಳ್ಳೇ ಸೀರಿ ಅಂತ ಕೊಟ್ಟೆ. ಮೊನ್ನಿ ಇವರು ರಾಜೇಶ್ವರಿಗೂ ಅದನ್ನೇ ಅಂದಾಗ ನನಗ ಅನ್ನ ಸೇರಲಿಲ್ಲ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಅವತ್ತೂ ಬಂದಿರಲಿಲ್ಲ."

ಎದ್ದು ಒಳಗಿನಿಂದ ಸೀರೆಯ ತುಂಡುಗಳನ್ನೂ ಕತ್ತರಿಯನ್ನೂ ತಂದರು. ಸೆರಗಿದ್ದ ತುಂಡನ್ನು ಬಿಸಿಲಲ್ಲಿ ಹರಡಿ, ಕೂಸನ್ನು ಅದರ ಮೇಲೆಯೇ ಮಲಗಿಸಿ ಭುಜದ ಅಳತೆ ನೋಡಿದರು.

"ನಿಮ್ಮ ಕುಂಚಿಗಿ ಇನ್ನ ಎಷ್ಟು ದಿನ ಬರತೈತಿ? ಬೆಳೆಯೋ ಕೂಸು. ಇದು ಬ್ಯಾಸಿಗಿ ದಾಟಿದ ಮ್ಯಾಲೆ ಆಗತೈತಿ. ಹಿಡೀರಿ ಈ ಕಡಿ."

ನಾನು ಹಿಡಿದೆ, ಅವರು ಕತ್ತರಿಸಿದರು. ಬಸವರಾಜೇಶ್ವರಿ ಬಂದು ಸೂಜಿಗೆ ದಾರ ಪೋಣಿಸಿಕೊಟ್ಟಳು. "ಮಾಮಾ, ನನಗೂ ಹೊರಗ ಮಡಚಿ ಹೊಲಿಯೋದು ತೋರಿಸ್ರಿ" ಎಂದಳು. ಅವಳು ಕಲಿಯುವುದರಲ್ಲಿ ಚುರುಕು.

ಮಾವನವರು ನನ್ನ ಜೊತೆ ಇನ್ನೂ ಮಾತಾಡಿಲ್ಲ.

ಡಿಸೆಂಬರ್ ೩೦

ತೊಟ್ಟಿಲು ಕಟ್ಟಿದ್ದರು. ಓಣಿಯ ಹೆಂಗಸರು ಬಂದಿದ್ದರು. ಮಾವನವರು ಪಡಸಾಲೆಯ ಕಂಬಕ್ಕೆ ಒರಗಿ, ಬಂದವರಿಗೆ ಕೂತುಕೊಳ್ಳಿ ಎನ್ನುವುದನ್ನು ಬಿಟ್ಟು ಬೇರೆ ಮಾತಿಲ್ಲದೆ ನಿಂತಿದ್ದರು. ಕೂಸಿಗೆ ಅನ್ನದಾನಮ್ಮ ಎಂದೇ ಹೆಸರಿಡುತ್ತಾರೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಅತ್ತೆಯವರು ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು. ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಹಂಪಕ್ಕ."

ಪಡಸಾಲೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಹಳೆಯ ಕಾಲದ ಹೆಸರು ಎಂದು ಯಾರೋ ಅಂದರು. ನಾನು ಮಾವನವರನ್ನು ನೋಡುತ್ತಿದ್ದೆ. ಕಂಬ ಬಿಟ್ಟು ನೇರ ನಿಂತಿದ್ದರು. ಬೆನ್ನ ಹಿಂದಿನಿಂದ ಯಾರೋ ಕರೆದ ಹಾಗೆ ಒಂದು ಸಲ ತಿರುಗಿ ನೋಡಿದರು. ಹಿಂದೆ ಗೋಡೆ ಇತ್ತು.

ಹೆಂಗಸರು ಆರತಿ ಮುಗಿಸಿ ಊಟಕ್ಕೆ ಎದ್ದ ಮೇಲೆ ಅವರು ತೊಟ್ಟಿಲ ಹತ್ತಿರ ಬಂದರು. ನಾನು ಎದ್ದು ಜಾಗ ಬಿಟ್ಟೆ. "ಕೂಡ್ರಿ" ಎಂದರು. ಮೂರು ದಿನಕ್ಕೆ ಅದೇ ಮೊದಲ ಮಾತು. ಬಾಗಿ ಕೂಸನ್ನು ನೋಡಿದರು. ಕುಂಚಿಗೆಯ ರೇಷ್ಮೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು, ಅಂಗಡಿಯಲ್ಲಿ ಬಟ್ಟೆಯ ಗುಣ ನೋಡುವವರ ಹಾಗೆ.

"ಪ್ಲೇಗ್ ಬಂದಾಗ ಊರ ಹೊರಗ ಗುಡಿಸಲಾ ಹಾಕ್ಕೊಂಡಿದ್ವಿ" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. "ಆಕಿಗೂ ಭಾಳ ಚಳಿ ಆಗತಿತ್ತು. ಸೀರಿ ಪೆಟಿಗ್ಯಾಗನ ಉಳೀತು."

ಕುಂಚಿಗೆಯನ್ನು ಎಳೆದು ಕೂಸಿನ ಕಿವಿ ಮುಚ್ಚಿದರು, ಲಾಡಿ ಗಂಟು ಹಾಕಿದರು, ಹಗ್ಗ ಹಿಡಿದು ನಿಧಾನವಾಗಿ ತೂಗತೊಡಗಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ನಾಳೆ ಬಸ್ಸು ಹೊರಟರೆ ನಾನೂ ಮಗಳೂ ಮಡಕಶಿರಕ್ಕೆ ಹೊರಡುತ್ತೇವೆ.